ಬಳ್ಳಾರಿಯಲ್ಲಿ ವಿಮಾನ ಮ್ಯೂಸಿಯಂ: ಎರಡು ಎಕರೆ ಎರೆ ಭೂಮಿ, ಮೂರು ಹಳೇ ವಿಮಾನ. ಜನ ಮತ್ತೆ ಮತ್ತೆ ಬರುವಂತೆ ಮಾಡೋದು ಹೇಗೆ?

ಕೋಟೆಗುಡ್ಡ (ಪ್ರಶ್ನೆ)

ನಮಸ್ಕಾರ ಎಲ್ಲರಿಗೂ. ಬಳ್ಳಾರಿ ಊರ ಹೊರಗೆ ಎರಡು ಎಕರೆಯಲ್ಲಿ ಸಾರ್ವಜನಿಕರಿಗಾಗಿ ಒಂದು ವಿಮಾನ ಮ್ಯೂಸಿಯಂ ಮಾಡುವ ಕರಡು ತಯಾರಾಗುತ್ತಿದೆ. ಜಾಗ ಅಪ್ಪಟ ಎರೆ ಭೂಮಿ. ವಾಯುಪಡೆಗೆ ಕೇಳಬೇಕೆಂದಿರುವ ನಿವೃತ್ತ ವಿಮಾನಗಳು ಮೂರು: ನ್ಯಾಟ್ (ಪುಟ್ಟ ಯುದ್ಧ ವಿಮಾನ), ಕಿರಣ್ ಮಾರ್ಕ್-1 (ಜೆಟ್ ತರಬೇತಿ ವಿಮಾನ), ಎಚ್‌ಪಿಟಿ-32 ದೀಪಕ್ (ಪ್ರೊಪೆಲ್ಲರ್ ತರಬೇತಿ ವಿಮಾನ). ಕರಡಿನಲ್ಲಿ ಸದ್ಯಕ್ಕೆ ಇರುವುದು ಇಷ್ಟು: ಮೂರನ್ನೂ ಬಯಲಲ್ಲಿ ಕಾಂಕ್ರೀಟ್ ಕಂಬದ ಮೇಲೆ ಮೂಗು ಮೇಲೆತ್ತಿ ನಿಲ್ಲಿಸುವುದು, ಸುತ್ತ ಹುಲ್ಲುಹಾಸು, ಪಕ್ಕದ ಹಾಲ್‌ನಲ್ಲಿ ಫೋಟೊ ಸಾಲು, ಕೂತಲ್ಲೇ ಹಾರಾಟದ ಅನುಭವ ಕೊಡುವ ಎರಡು ಸಿಮ್ಯುಲೇಟರ್.

ನೋಡಿದರೆ ಇದು ಒಂದು ಸಲ ಸೆಲ್ಫಿ ತೆಗೆದುಕೊಂಡು ಹೋಗುವ ಜಾಗ ಅನಿಸುತ್ತಿದೆ. ಶಾಲೆ ಮಕ್ಕಳು, ಹಳ್ಳಿಯಿಂದ ಬರುವ ಕುಟುಂಬಗಳು, ಹಂಪಿಗೆ ಹೋಗುವ ಪ್ರವಾಸಿಗರು, ಮೂವರಿಗೂ ಇಲ್ಲಿ ಏನಾದರೂ ಸಿಗಬೇಕು. ವಿಮಾನಗಳು ನಮ್ಮ ಬಿಸಿಲು, ಅದಿರು ಧೂಳು ತಡೆದು ಉಳಿಯಬೇಕು. ತಿಳಿದವರು ಕರಡನ್ನು ಬಿಚ್ಚುಮನಸ್ಸಿನಿಂದ ತಿದ್ದಿಕೊಡಿ.

---

ರಿವೆಟ್‌ಸಾಲು

ಸರ್, ಮೊದಲು ಆ ಕಂಬಗಳನ್ನು ಕರಡಿನಿಂದ ತೆಗೆದುಬಿಡಿ. ಕಾರಣ ಲೆಕ್ಕದಲ್ಲೇ ಇದೆ. ದೀಪಕ್‌ನ ಖಾಲಿ ತೂಕ 890 ಕೆಜಿ, ರೆಕ್ಕೆಯ ವಿಸ್ತೀರ್ಣ 15 ಚದರ ಮೀಟರ್. ಮುಂಗಾರಿಗೆ ಮುಂಚಿನ ಬಿರುಗಾಳಿ ಸೆಕೆಂಡಿಗೆ 35 ಮೀಟರ್, ಅಂದರೆ ಗಂಟೆಗೆ 126 ಕಿಮೀ ಬೀಸಿತು ಅಂತಿಟ್ಟುಕೊಳ್ಳಿ. ಮೂಗು ಮೇಲೆತ್ತಿ ನಿಲ್ಲಿಸಿದ ಭಂಗಿಯಲ್ಲಿ ಲಿಫ್ಟ್ ಗುಣಾಂಕ (ರೆಕ್ಕೆ ಗಾಳಿಯಿಂದ ಎಷ್ಟು ಎತ್ತುಬಲ ಪಡೆಯುತ್ತದೆ ಅನ್ನುವ ಅಳತೆ) ಒಂದರ ಹತ್ತಿರ ಹೋಗುತ್ತದೆ. ಗಾಳಿಯ ಸಾಂದ್ರತೆ ಘನ ಮೀಟರಿಗೆ 1.1 ಕೆಜಿ ಹಿಡಿದರೆ ರೆಕ್ಕೆ ಎತ್ತುವ ಬಲ ಸುಮಾರು 1,030 ಕೆಜಿ ತೂಕಕ್ಕೆ ಸಮ. ವಿಮಾನಕ್ಕಿಂತ ಜಾಸ್ತಿ. ಎಂಜಿನ್ ತೆಗೆದು ಕೊಟ್ಟಿದ್ದರೆ ಇನ್ನೂ ಹಗುರ. ಕಂಬದ ತಲೆಯ ಬೋಲ್ಟ್‌ಗಳು ಬರೀ ಭಾರ ಹೊರುತ್ತಿಲ್ಲ, ಪ್ರತಿ ಬಿರುಗಾಳಿಗೂ ಮೇಲ್ಮುಖ ಎಳೆತ ತಿನ್ನುತ್ತಿವೆ. ಬಿರುಕು ಬೀಳುವುದು ಬೋಲ್ಟ್‌ನಲ್ಲಲ್ಲ, ಬೋಲ್ಟ್ ಹಿಡಿದಿರುವ ವಿಮಾನದ ತೆಳು ಚೌಕಟ್ಟಿನಲ್ಲಿ. ನೆಲದಿಂದ ಯಾರಿಗೂ ಅದು ಕಾಣುವುದಿಲ್ಲ.

ಇನ್ನೊಂದು ವಿಚಾರ, ಜನರಿಗೆ ಕಾಣುವುದು ಹೊಟ್ಟೆಯ ಭಾಗ ಮಾತ್ರ. ಕಾಕ್‌ಪಿಟ್ ಇಲ್ಲ, ರೆಕ್ಕೆಯ ಮೇಲ್ಮೈ ಇಲ್ಲ, ರಿವೆಟ್ ಇಲ್ಲ. ಕೈಗೆಟುಕುವ ದೂರದಲ್ಲಿ ನಿಂತ ವಿಮಾನಕ್ಕೂ ಕಂಬದ ಮೇಲಿನದಕ್ಕೂ ಹೋಲಿಕೆಯೇ ಇಲ್ಲ.

ಬದಲಿಗೆ ಒಂದೇ ಶೆಡ್ ಕಟ್ಟಿ. 36 ಮೀಟರ್ ಉದ್ದ, 24 ಮೀಟರ್ ಅಗಲ, ನಡುವೆ ಕಂಬವಿಲ್ಲದ ಉಕ್ಕಿನ ಟ್ರಸ್, ಸೂರಿನ ಎತ್ತರ 7 ಮೀಟರ್. ಕಿರಣ್‌ನ ರೆಕ್ಕೆ 10.7 ಮೀ, ಉದ್ದ 10.6 ಮೀ. ದೀಪಕ್ 9.5 ಮೀ ಮತ್ತು 7.72 ಮೀ. ನ್ಯಾಟ್ ಎಲ್ಲಕ್ಕಿಂತ ಚಿಕ್ಕದು, ರೆಕ್ಕೆ 6.73 ಮೀ, ಉದ್ದ 8.74 ಮೀ. ಪ್ರತಿಯೊಂದರ ಸುತ್ತ ಎರಡು ಮೀಟರ್ ಓಡಾಡುವ ಜಾಗ ಬಿಟ್ಟರೂ ಗೋಡೆಗುಂಟ ಪ್ರಯೋಗದ ಮೇಜುಗಳಿಗೆ ಸ್ಥಳ ಉಳಿಯುತ್ತದೆ. ಬಾಗಿಲು 12 ಮೀ ಅಗಲ, 4.5 ಮೀ ಎತ್ತರ ಇರಲಿ. ದೊಡ್ಡ ಬಾಗಿಲು ದುಬಾರಿ ಅಂತ ವಿಮಾನ ಒಳಗಿಟ್ಟು ಗೋಡೆ ಮುಚ್ಚಿಬಿಡುವವರಿದ್ದಾರೆ. ಮುಂದೆ ಒಂದು ವಿಮಾನ ರಿಪೇರಿಗೆ ಹೊರತೆಗೆಯಬೇಕಾದರೆ ಗೋಡೆ ಒಡೆಯಬೇಕು. ಕನಿಷ್ಠ ಒಂದು ಬದಿಯ ಶೀಟುಗಳಾದರೂ ಬಿಚ್ಚುವಂತಿರಲಿ. ಛಾವಣಿಗೆ ಪಫ್ (ಶಾಖ ತಡೆಯುವ ಫೋಮ್) ತುಂಬಿದ ಶೀಟು ಹಾಕಿ. ಬರೀ ತಗಡು ಹಾಕಿದರೆ ಏಪ್ರಿಲ್‌ನಲ್ಲಿ ಒಳಗೆ ಯಾರೂ ನಿಲ್ಲುವುದಿಲ್ಲ.

ಈಗ ನೆಲ. ಎರೆ ಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಬಾಯಿ ಬಿಡುತ್ತದೆ, ನಿಮಗೆ ಹೇಳಬೇಕಿಲ್ಲ. ವಿಮಾನದ ಭಾರ ಇಲ್ಲಿ ದೊಡ್ಡ ಸಮಸ್ಯೆಯಲ್ಲ. ಮೂರು ಕಾಲಿನ ಕೆಳಗೆ ನೆಲ ಮೂರು ರೀತಿ ಉಬ್ಬಿದರೆ ಮೈ ತಿರುಚಿಕೊಳ್ಳುತ್ತದೆ, ಅದು ಸಮಸ್ಯೆ. ಶೆಡ್‌ನ ಕಂಬಗಳಿಗೆ ಅಂಡರ್‌ರೀಮ್ಡ್ ಪೈಲ್, ಅಂದರೆ ಬುಡ ಗಡ್ಡೆಯಂತೆ ಅಗಲವಾಗಿರುವ ಕಾಂಕ್ರೀಟ್ ಗೂಟ ಹಾಕಿಸಿ (ಭಾರತೀಯ ಮಾನಕ ಐಎಸ್ 2911 ಭಾಗ 3): ಕಾಂಡ 300 ಮಿಮೀ, ಕೆಳಗಿನ ಗಡ್ಡೆ ಅದರ ಎರಡೂವರೆ ಪಟ್ಟು, ಅಂದರೆ 750 ಮಿಮೀ. ಆಳ ಕನಿಷ್ಠ 3.5 ಮೀ, ಗಟ್ಟಿ ಪದರ ಇನ್ನೂ ಕೆಳಗಿದ್ದರೆ ಅಲ್ಲಿಯವರೆಗೆ. ಪೈಲ್‌ಗಳ ಮೇಲಿನ ಬೀಮ್ ಮಣ್ಣಿಗೆ ತಾಗದಂತೆ 80 ಮಿಮೀ ಖಾಲಿ ಬಿಡಿ. ಈ ಖಾಲಿ ಜಾಗಕ್ಕೆ ಕೂಲಿಯವರು ಮಣ್ಣು ತುಂಬಿಬಿಡುವುದು ಎಲ್ಲ ಕಡೆ ಆಗುವ ತಪ್ಪು, ಎದುರಲ್ಲೇ ನಿಂತು ನೋಡಿಕೊಳ್ಳಬೇಕು. ಒಳಗಿನ ನೆಲಕ್ಕೆ ಒಂದು ಮೀಟರ್ ಎರೆ ಮಣ್ಣು ತೆಗೆದು, 20 ಸೆಂಮೀ ಪದರಗಳಲ್ಲಿ ಗರಸು ತುಂಬಿ, ಒಂದೊಂದು ಪದರಕ್ಕೂ ನೀರು ಹೊಡೆದು ರೋಲರ್ ಓಡಿಸಿ. ಒಂದು ವಿಮಾನದ ಮೂರೂ ಕಾಲು ಒಂದೇ ಕಾಂಕ್ರೀಟ್ ಚಪ್ಪಡಿಯ ಮೇಲಿರಬೇಕು. ಹುಲ್ಲುಹಾಸು ಬೇಡ. ದಿನಾ ನೀರು ಕುಡಿಸಿದ ಬದಿ ಉಬ್ಬುತ್ತದೆ, ಇನ್ನೊಂದು ಬದಿ ಒಣಗಿ ಕುಗ್ಗುತ್ತದೆ. ಕಟ್ಟಡದ ಸುತ್ತ ಒಂದೂವರೆ ಮೀಟರ್ ಅಗಲ ಶಹಾಬಾದ್ ಕಲ್ಲು ಹಾಸಿ, ನೀರು ಹೊರಗೆ ಹರಿಯುವಂತೆ ಇಳಿಜಾರು ಕೊಡಿ.

ವಿಮಾನವನ್ನು ಟೈರಿನ ಮೇಲೆ ನಿಲ್ಲಿಸಬೇಡಿ. ಜಾಕಿಂಗ್ ಪಾಯಿಂಟ್‌ಗಳಿಗೆ (ಜಾಕ್ ಕೊಟ್ಟು ವಿಮಾನ ಎತ್ತುವ ಗಟ್ಟಿ ಜಾಗಗಳಿಗೆ) ಉಕ್ಕಿನ ಸ್ಟ್ಯಾಂಡ್ ಕೊಟ್ಟು, ಟೈರ್ ನೆಲಕ್ಕೆ ತಾಗಿದ ಹಾಗೆ ಕಂಡರೆ ಸಾಕು. ಗಾಲಿಯ ಓಲಿಯೋದಲ್ಲಿನ (ಇಳಿಯುವಾಗಿನ ಪೆಟ್ಟು ತಡೆಯುವ ಕಂಬದಲ್ಲಿನ) ಅನಿಲ ಒತ್ತಡವನ್ನು ಅದರ ಕೆಲಸ ಬಲ್ಲ ತಂತ್ರಜ್ಞರೇ ಇಳಿಸಬೇಕು. ಆಮೇಲೆ ಗಾಲಿ ಮಡಚಿಕೊಳ್ಳದಂತೆ ಲಾಕ್ ಪಿನ್ ಹಾಕಿ, ವೆಲ್ಡ್ ಮಾಡದೆ ಬೋಲ್ಟ್ ಮಾಡಿ. ಸ್ಟ್ಯಾಂಡ್‌ನ ಉಕ್ಕು ವಿಮಾನದ ಅಲ್ಯೂಮಿನಿಯಂಗೆ ನೇರ ತಾಗಬಾರದು. ನಡುವೆ 10 ಮಿಮೀ ಎಚ್‌ಡಿಪಿಇ (ಗಟ್ಟಿ ಪ್ಲಾಸ್ಟಿಕ್) ಹಲಗೆ ಇಡಿ. ಇಲ್ಲದಿದ್ದರೆ ತೇವ ಸಿಕ್ಕಾಗಲೆಲ್ಲ ಎರಡು ಲೋಹದ ನಡುವೆ ಬ್ಯಾಟರಿಯೇ ಹುಟ್ಟಿ ಅಲ್ಯೂಮಿನಿಯಂ ಬಿಳಿ ಪುಡಿಯಾಗುತ್ತದೆ. ಹಿತ್ತಾಳೆ ನಾಮಫಲಕವನ್ನು ವಿಮಾನಕ್ಕೆ ಸ್ಕ್ರೂ ಮಾಡುವ ಆಸೆಯನ್ನೂ ಇದೇ ಕಾರಣಕ್ಕೆ ಬಿಡಿ.

ಅದಿರು ಧೂಳಿನ ವಿಷಯದಲ್ಲಿ ತುಂಬ ಎಚ್ಚರ ಬೇಕು. ಆ ಧೂಳು ಬಣ್ಣದ ಗೀರುಗಳಲ್ಲಿ ಕೂತು ಇಬ್ಬನಿಯ ತೇವ ಹಿಡಿದಿಟ್ಟರೆ ಅಲ್ಲೂ ಅಲ್ಯೂಮಿನಿಯಂ ಸವೆಯಲು ಶುರು. ಒಣ ಬಟ್ಟೆಯಲ್ಲಿ ಒರೆಸಲೇಬಾರದು, ಒರೆಸಿದರೆ ಮರಳು ಕಾಗದ ಉಜ್ಜಿದ ಹಾಗೆ. ಮೊದಲು ಕಡಿಮೆ ಒತ್ತಡದ ನೀರು ಹರಿಸಿ ಧೂಳು ಇಳಿಸಬೇಕು, ಆಮೇಲೆ ಪಿಎಚ್ 7ರ ಆಸುಪಾಸಿನ (ಆಮ್ಲವೂ ಅಲ್ಲದ, ಕ್ಷಾರವೂ ಅಲ್ಲದ) ಸೋಪು, ಮೆತ್ತನೆ ಸ್ಪಂಜು. ಬಟ್ಟೆ ಪುಡಿ, ಫಿನಾಯಿಲ್, ಜೆಟ್ ವಾಷರ್ ಮೂರೂ ಬೇಡ. ನಮ್ಮ ಬೋರ್ ನೀರು ಗಡಸು, ಒಣಗಿದ ಮೇಲೆ ಬಿಳಿ ಉಪ್ಪಿನ ಕಲೆ ಬಿಡುತ್ತದೆ. ಕೊನೆಯ ತೊಳೆತಕ್ಕೆ ಆರ್‌ಓ ನೀರೇ ಆಗಬೇಕು. ಕಾಕ್‌ಪಿಟ್‌ನ ಪಾರದರ್ಶಕ ಮುಚ್ಚಳ ಗಾಜಲ್ಲ, ಅಕ್ರಿಲಿಕ್. ಅಮೋನಿಯಾ ಇರುವ ಗಾಜು ಕ್ಲೀನರ್ ಅಥವಾ ಥಿನ್ನರ್ ತಾಗಿದರೆ ಒಳಗೊಳಗೇ ನೂಲಿನಂಥ ಬಿರುಕು ಹರಡುತ್ತದೆ, ಅದನ್ನು ಸರಿಮಾಡಲು ಬರುವುದಿಲ್ಲ.

ಹೊಟ್ಟೆಯಡಿಯ ನೀರಿಳಿಯುವ ತೂತುಗಳನ್ನು ಪ್ರತಿ ಮೇ ಕೊನೆಗೆ ತಂತಿ ಹಾಕಿ ಬಿಡಿಸಿ. ಗಾಳಿ ಸೇದುವ ಬಾಯಿಗೆ ತೂತಿರುವ ತಗಡಿನ ಮುಚ್ಚಳ ಇರಲಿ, ಪೂರ್ತಿ ಬಿಗಿದರೆ ಒಳಗೆ ತೇವ ಕೂರುತ್ತದೆ. ಪಾರಿವಾಳದ ಹಿಕ್ಕೆ ಬಣ್ಣ ತಿನ್ನುತ್ತದೆ, ಶೆಡ್‌ನ ಎಲ್ಲ ಸಂದಿಗೆ ಜಾಲರಿ ಬೇಕು. ರೆಕ್ಕೆಯಡಿ ಹೆಜ್ಜೇನು ಕಟ್ಟಿದರೆ ಆ ದಿನವೇ ಮ್ಯೂಸಿಯಂ ಮುಚ್ಚಿ, ಜೇನು ಬಿಡಿಸುವವರನ್ನು ಕರೆಸಿ. ಮಕ್ಕಳಿರುವ ಜಾಗದಲ್ಲಿ ಹೊಗೆ ಹಾಕುವ ಸಾಹಸ ಬೇಡ.

---

ಟಪಾಲುಚೀಲ

ರಿವೆಟ್‌ಸಾಲು ಅವರ ಮಾತಿಗೆ ನನ್ನದೂ ಒಪ್ಪಿಗೆ. ಆದರೆ ವಿಮಾನ ಗಟ್ಟಿಯಾಗಿ ನಿಂತ ಮಾತ್ರಕ್ಕೆ ಜನ ಬರುವುದಿಲ್ಲ. ಬೆಂಗಳೂರಿನ ಎಚ್‌ಎಎಲ್ ಮ್ಯೂಸಿಯಂ 2001ರಿಂದ ಇದೆ, ಗೋವಾದ ನೌಕಾ ವಿಮಾನ ಮ್ಯೂಸಿಯಂ 1998ರಿಂದ ಇದೆ, ಕಾರವಾರದ ಕಡಲತೀರದಲ್ಲಿ ಹಳೇ ಯುದ್ಧನೌಕೆ ಐಎನ್‌ಎಸ್ ಚಪಲ್ ಪಕ್ಕ ನೌಕಾಪಡೆಯ ದೈತ್ಯ ವಿಮಾನ ಟಿಯು-142 ಬಂದು ಕೂತಿದೆ. ವಿಮಾನದ ಸಂಖ್ಯೆಯಲ್ಲಿ, ಗಾತ್ರದಲ್ಲಿ ಬಳ್ಳಾರಿ ಇವುಗಳ ಜೊತೆ ಪೈಪೋಟಿ ಮಾಡಲಾರದು, ಮಾಡಬೇಕಾಗಿಯೂ ಇಲ್ಲ. ಅವರ ಯಾರ ಹತ್ತಿರವೂ ಇಲ್ಲದ ಕಥೆ ಬಳ್ಳಾರಿಯದು, ಮತ್ತು ನಿಮ್ಮ ಕರಡಿನಲ್ಲಿ ಅದರ ಹೆಸರೇ ಇಲ್ಲ.

1932ರ ಅಕ್ಟೋಬರ್ 15. ಜೆ.ಆರ್.ಡಿ. ಟಾಟಾ ಕರಾಚಿಯಿಂದ ಪುಸ್ ಮಾತ್ ಎಂಬ ಒಂಟಿ ಎಂಜಿನ್ ವಿಮಾನದಲ್ಲಿ ಟಪಾಲು ಹೊತ್ತು ಅಹಮದಾಬಾದ್ ಮೂಲಕ ಮುಂಬೈಗೆ ಬಂದರು. ಅಲ್ಲಿಂದ ಮುಂದಕ್ಕೆ ಹಾರಿಸಿದವರು ಅವರ ಜೊತೆಗಾರ ಪೈಲಟ್ ನೆವಿಲ್ ವಿನ್ಸೆಂಟ್. ಮುಂಬೈಯಿಂದ ಮದ್ರಾಸಿಗೆ ಹೋಗುವ ಆ ದಾರಿಯ ನಡುವಿನ ನಿಲ್ದಾಣ ಬಳ್ಳಾರಿ! ಮುಂದೆ ಏರ್ ಇಂಡಿಯಾ ಆಗಿ ಬೆಳೆದ ಸಂಸ್ಥೆಯ ಮೊಟ್ಟಮೊದಲ ಮಾರ್ಗದ ಮೇಲೆ ನಮ್ಮೂರು ಇತ್ತು. ಬಾಗಿಲಿನಲ್ಲಿ ಕಾಲಿಟ್ಟ ಕೂಡಲೇ ಜನರಿಗೆ ಸಿಗಬೇಕಾದದ್ದು ಇದು, ಜೆಟ್ ವಿಮಾನ ಆಮೇಲೆ.

ಮಾಡುವುದು ಹೀಗೆ. ಪ್ರವೇಶದಿಂದ ನೆಲದ ಮೇಲೆ ಒಂದು ಪಟ್ಟಿ ಎಳೆಯಿರಿ: ಕರಾಚಿ, ಅಹಮದಾಬಾದ್, ಮುಂಬೈ, ಬಳ್ಳಾರಿ, ಮದ್ರಾಸ್. ಅಳತೆ ನಿಜವಾಗಿರಲಿ. ಮುಂಬೈಯಿಂದ ಬಳ್ಳಾರಿ ನೇರ ಗೆರೆಯಲ್ಲಿ ಸುಮಾರು 610 ಕಿಮೀ, ಬಳ್ಳಾರಿಯಿಂದ ಚೆನ್ನೈ ಸುಮಾರು 430 ಕಿಮೀ. 100 ಕಿಮೀಗೆ ಒಂದು ಮೀಟರ್ ಅಂತ ಹಿಡಿದರೆ ಮಕ್ಕಳು ಆರು ಮೀಟರ್ ಚಿಲ್ಲರೆ ನಡೆದು ಮುಂಬೈಯಿಂದ ಮನೆಗೆ ಬರುತ್ತಾರೆ. ಬಳ್ಳಾರಿ ಅನ್ನುವ ಚುಕ್ಕೆಯ ಮೇಲೆ ಪುಸ್ ಮಾತ್‌ನ ಪೂರ್ಣ ಗಾತ್ರದ ಪ್ರತಿಕೃತಿ ನಿಲ್ಲಲಿ.

ಪ್ರತಿಕೃತಿ ಅಂದಾಕ್ಷಣ ಫೈಬರ್ ಗೊಂಬೆ ಮಾಡಿಸಬೇಡಿ. ಪುಸ್ ಮಾತ್‌ನ ಒಡಲು ಉಕ್ಕಿನ ಕೊಳವೆ ವೆಲ್ಡ್ ಮಾಡಿ ಬಟ್ಟೆ ಹೊದಿಸಿದ್ದು, ರೆಕ್ಕೆ ಮರದ್ದು. ರೆಕ್ಕೆ 11.2 ಮೀ, ಉದ್ದ 7.62 ಮೀ. ಹಾರಿಸುವುದಿಲ್ಲವಾದ್ದರಿಂದ 20 ಮಿಮೀ ಎಂಎಸ್ (ಸಾದಾ ಉಕ್ಕಿನ) ಕೊಳವೆ ಸಾಕು. ಒಂದೊಂದು ರೆಕ್ಕೆಗೂ 30 ಸೆಂಮೀಗೊಂದರಂತೆ ಹದಿನೇಳು ಪ್ಲೈವುಡ್ ಪಕ್ಕೆ. ಬಟ್ಟೆ ಬಿಗಿಯಾಗಲು ಬಳಿಯುತ್ತಿದ್ದ ಹಳೇ ಕಾಲದ ಡೋಪ್ ಬೇಗ ಬೆಂಕಿ ಹಿಡಿಯುವ ವಸ್ತು, ಅದರ ಬದಲು ಇಸ್ತ್ರಿ ಶಾಖಕ್ಕೆ ಬಿಗಿಯಾಗುವ ಪಾಲಿಯೆಸ್ಟರ್ ಬಟ್ಟೆ ಬಳಸಿ, 120 ಡಿಗ್ರಿ ಸಾಕಾಗುತ್ತದೆ. ಹೊಲಿಯಲು ಬೆಂಗಳೂರಿಗೆ ಹೋಗಬೇಡಿ. ಜೀನ್ಸ್ ಹೊಲಿಯುವ ಊರು ಇದು, ದಪ್ಪ ಬಟ್ಟೆಗೆ ಜೋಡಿ ಹೊಲಿಗೆ ಹಾಕುವ ಯಂತ್ರ, ಕೈ ಎರಡೂ ಇಲ್ಲೇ ಇವೆ. ಎಡ ರೆಕ್ಕೆಗೆ ಬಟ್ಟೆ ಹೊದಿಸಿ, ಬಲ ರೆಕ್ಕೆಯನ್ನು ಬೋಳಾಗಿ ಬಿಡಿ. ಒಳಗೇನಿದೆ, ಇಷ್ಟು ತೆಳು ಪಕ್ಕೆ ಹೇಗೆ ಭಾರ ಹೊರುತ್ತದೆ ಅಂತ ಜನ ನಿಂತು ನೋಡುವುದು ಆ ಬೋಳು ರೆಕ್ಕೆಯನ್ನೇ. ಪುಸ್ ಮಾತ್‌ನ ರೆಕ್ಕೆ ಹಿಂದಕ್ಕೆ ಮಡಚುವಂಥದ್ದು, ಆ ಕೀಲನ್ನೂ ಕೆಲಸ ಮಾಡುವಂತೆ ಮಾಡಿಸಿ.

ಇನ್ನೊಂದು ಸೊಗಸಾದ ನಂಟು ನಿಮ್ಮ ಪಟ್ಟಿಯಲ್ಲೇ ಅಡಗಿದೆ. ಪುಸ್ ಮಾತ್‌ನಲ್ಲಿ ಗಾಲಿಯ ಕಂಬಕ್ಕಿರುವ ಚಪ್ಪಟೆ ಹೊದಿಕೆಯನ್ನು 90 ಡಿಗ್ರಿ ತಿರುಗಿಸಿದರೆ ಅದು ಗಾಳಿಗೆ ಅಡ್ಡ ನಿಂತು ವೇಗ ಇಳಿಸುತ್ತಿತ್ತು. ನ್ಯಾಟ್‌ನಲ್ಲಿ ಗಾಲಿಗಳನ್ನು ಅರ್ಧ ಇಳಿಸಿದರೆ ಅದರ ಬಾಗಿಲುಗಳೇ ಬ್ರೇಕು. ಎರಡನ್ನೂ ಎದುರುಬದುರು ನಿಲ್ಲಿಸಿ, ನಡುವೆ ಒಂದು ಫ್ಯಾನು, ಒಂದು ಸನ್ನೆಕೋಲು, ಒಂದು ಚಪ್ಪಟೆ ಹಲಗೆ ಇಡಿ. ಹಲಗೆ ಅಂಚಿಗೆ ತಿರುಗಿದಾಗ ಎಷ್ಟು ಸಲೀಸು, ಅಡ್ಡ ತಿರುಗಿದಾಗ ಕೈಗೆ ಎಷ್ಟು ಒತ್ತು ಅನ್ನುವುದು ಐದು ವರ್ಷದ ಮಗುವಿಗೂ ಗೊತ್ತಾಗುತ್ತದೆ.

ಫಲಕಗಳ ಬಗ್ಗೆ ಒಂದು ಉದಾಹರಣೆ ಕೊಡುತ್ತೇನೆ. ಸಾಮಾನ್ಯವಾಗಿ ಬರೆಯುವುದು ಹೀಗೆ:

"ಫೋಲ್ಯಾಂಡ್ ನ್ಯಾಟ್. ಒಂಟಿ ಆಸನದ ಯುದ್ಧ ವಿಮಾನ. ಉದ್ದ 8.74 ಮೀ. ರೆಕ್ಕೆ 6.73 ಮೀ. ಎಂಜಿನ್: ಆರ್ಫಿಯಸ್ 701. ಶಸ್ತ್ರ: 30 ಮಿಮೀ ಏಡನ್ ಫಿರಂಗಿ ಎರಡು."

ಇದು ಗೋದಾಮಿನ ಪಟ್ಟಿ. ಅದೇ ವಿಷಯ ಹೀಗಿರಲಿ:

"ಗಾಳಿ ಒಳಹೋಗುವ ಬಾಯಿಯ ಅಂಚು ನೋಡಿ. ಅಲ್ಲಿ ಕಾಣುವ ತೂತು ಫಿರಂಗಿಯದು. ಇನ್ನೊಂದು ಬದಿಗೂ ಒಂದಿದೆ. ಇಷ್ಟು ಚಿಕ್ಕ ಮೈಯಲ್ಲಿ ಬೇರೆ ಜಾಗವಿರಲಿಲ್ಲ. ಚಿಕ್ಕದಾದ್ದರಿಂದಲೇ ಆಕಾಶದಲ್ಲಿ ಶತ್ರುವಿನ ಕಣ್ಣಿಗೆ ಬೀಳುವುದು ಕಷ್ಟವಾಗಿತ್ತು. 1971ರ ಡಿಸೆಂಬರ್ 14ರಂದು ಶ್ರೀನಗರದ ಮೇಲೆ ನಿರ್ಮಲ್‌ಜಿತ್ ಸಿಂಗ್ ಸೆಖೋಂ ಹಾರಿಸಿದ್ದು ಇಂಥದೇ ನ್ಯಾಟ್. ಅವರಿಗೆ ಪರಮವೀರ ಚಕ್ರ ಸಂದಿತು. ಈ ಮಾದರಿಯನ್ನು ಬೆಂಗಳೂರಿನ ಎಚ್‌ಎಎಲ್ ಕಟ್ಟಿತು."

ಮೊದಲ ಮಾತು ಓದುವವರ ಕಣ್ಣನ್ನು ವಿಮಾನದ ಮೇಲೆ ಎಲ್ಲಾದರೂ ಒಂದು ಕಡೆ ನೆಡಬೇಕು, ಆಮೇಲೆ ಇತಿಹಾಸ. 50ರಿಂದ 60 ಪದ ದಾಟಬಾರದು. ಅಕ್ಷರ 30 ಪಾಯಿಂಟಿಗಿಂತ ಕಡಿಮೆ ಬೇಡ. ಸಾಲಿನ ಅಂತರ ಇಂಗ್ಲಿಷ್ ಫಲಕದ ಲೆಕ್ಕದಲ್ಲಿ ಇಟ್ಟರೆ ಕನ್ನಡದ ಒತ್ತಕ್ಷರಗಳು ಕೆಳಗಿನ ಸಾಲಿನ ಗುಣಿತಕ್ಕೆ ತಾಗುತ್ತವೆ, ಅಕ್ಷರದ ಒಂದೂವರೆ ಪಟ್ಟಿಗಿಂತ ಜಾಸ್ತಿ ಬಿಡಿ. ಫಲಕದ ನಡುಭಾಗ ನೆಲದಿಂದ 1.3 ಮೀ. ಸನ್‌ಬೋರ್ಡ್ (ಹಗುರ ಪ್ಲಾಸ್ಟಿಕ್ ಫೋಮ್ ಹಲಗೆ) ನಮ್ಮ ಬಿಸಿಲಿಗೆ ಬಾಗುತ್ತದೆ, ಎಸಿಪಿ (ಅಲ್ಯೂಮಿನಿಯಂ ಹೊದಿಕೆಯ) ಹಾಳೆಯ ಮೇಲೆ ಯುವಿ ಪ್ರಿಂಟ್ ಮಾಡಿಸಿ, ಹೊಳಪಿಲ್ಲದ್ದು. ಕನ್ನಡ ದೊಡ್ಡದಾಗಿ, ಇಂಗ್ಲಿಷ್ ಕೆಳಗೆ. ತೆಲುಗು, ಉರ್ದು, ಹಿಂದಿಯನ್ನು ಕ್ಯೂಆರ್ ಹಿಂದೆ ಒಂದೂವರೆ ನಿಮಿಷದ ಧ್ವನಿಯಾಗಿ ಕೊಡಿ. ಬಳ್ಳಾರಿಗೆ ಬರುವವರಲ್ಲಿ ಗಡಿಯಾಚೆಯ ತೆಲುಗರು ಬಹಳ.

ಅಂಚೆ ಇಲಾಖೆಯನ್ನು ಈಗಲೇ ಮಾತಾಡಿಸಿ. ಅಕ್ಟೋಬರ್ 15ಕ್ಕೆ ವಿಶೇಷ ಮೊಹರು ಕೇಳಬಹುದು. ಮ್ಯೂಸಿಯಂ ಒಳಗೆ ಒಂದು ಟಪಾಲು ಪೆಟ್ಟಿಗೆ, ಪುಸ್ ಮಾತ್ ಚಿತ್ರದ ಕಾರ್ಡು. ಬಂದವರು ಬರೆದು ಹಾಕಿದ್ದು ನಿಜವಾಗಿ ಅವರ ಮನೆಗೆ ಹೋಗಬೇಕು.

---

ಕೋಟೆಗುಡ್ಡ

ಇಬ್ಬರಿಗೂ ತುಂಬ ಧನ್ಯವಾದ ಸರ್. ಕಂಬ, ಹುಲ್ಲು ಎರಡೂ ಕರಡಿನಿಂದ ಹೊರಗೆ. ಟಪಾಲು ದಾರಿಯನ್ನು ಪ್ರವೇಶಕ್ಕೆ ತರುವುದು ಎಲ್ಲರಿಗೂ ಹಿಡಿಸುವ ವಿಚಾರ. ಸಿಮ್ಯುಲೇಟರ್ ಬಗ್ಗೆ ಯಾರೂ ಹೇಳಲಿಲ್ಲ. ಮಕ್ಕಳನ್ನು ಸೆಳೆಯಲು ಅದೇ ಮುಖ್ಯ ಅನ್ನುವ ವಾದ ಇದೆ. ಜೊತೆಗೆ ಎಜೆಕ್ಷನ್ ಸೀಟು (ಆಪತ್ತಿನಲ್ಲಿ ಪೈಲಟ್‌ನನ್ನು ಹೊರಕ್ಕೆ ಚಿಮ್ಮಿಸುವ ಆಸನ) ಅಪಾಯ ಅನ್ನುತ್ತಾರೆ, ಏನು ಮಾಡಬೇಕು?

---

ಗಾಳಿಗೂಡು

ಸಿಮ್ಯುಲೇಟರ್ ಇರಲಿ, ಆದರೆ ಅದನ್ನೇ ನಂಬಬೇಡಿ. ಮೂರು ನಿಮಿಷ ಹಾರಾಟ, ಒಂದು ನಿಮಿಷ ಇಳಿದು ಹತ್ತಲು. ಒಂದು ಯಂತ್ರಕ್ಕೆ ಗಂಟೆಗೆ 15 ಜನ, ಎರಡಕ್ಕೆ 30. ಒಂದು ಶಾಲಾ ಬಸ್ಸಿನ 50 ಮಕ್ಕಳು ಮುಗಿಯಲು ಒಂದು ಗಂಟೆ ನಲವತ್ತು ನಿಮಿಷ. ಅಷ್ಟರಲ್ಲಿ ಎರಡನೇ ಬಸ್ಸು ಬಂದು ನಿಂತಿರುತ್ತದೆ. ಕಾದು ಸುಸ್ತಾದ ಮಗುವಿಗೆ ಸಾಲು ಬಿಟ್ಟು ಬೇರೇನೂ ನೆನಪಿರುವುದಿಲ್ಲ. ಅದಕ್ಕೆ, ಸಾಲೇ ಇಲ್ಲದೆ ಏಳೆಂಟು ಮಕ್ಕಳು ಸುತ್ತ ನಿಂತು ಮಾಡುವಂಥ ಪ್ರಯೋಗ ನಾಲ್ಕೈದು ಬೇಕು. ಎಲ್ಲಕ್ಕಿಂತ ಮೊದಲು ಗಾಳಿ ಸುರಂಗ, ಅಂದರೆ ನಿಂತ ಮಾದರಿಯ ಮೇಲೆ ಗಾಳಿ ಹರಿಸಿ ನೋಡುವ ಪೆಟ್ಟಿಗೆ. ಇದನ್ನು ಇಲ್ಲೇ ಮಾಡಿಸಬಹುದು, ಅಳತೆ ಕೊಡುತ್ತೇನೆ.

ನಡುವಿನ ಪರೀಕ್ಷಾ ಭಾಗ 30 ಸೆಂಮೀ ಚೌಕ, 60 ಸೆಂಮೀ ಉದ್ದ, ಎದುರು ಬದಿಗೆ 8 ಮಿಮೀ ಅಕ್ರಿಲಿಕ್. ಗಾಳಿ ಒಳಬರುವ ಬಾಯಿ 75 ಸೆಂಮೀ ಚೌಕ, ಅಲ್ಲಿಂದ ನಯವಾದ ತಿರುವಿನಲ್ಲಿ 30ಕ್ಕೆ ಇಳಿಯಬೇಕು. ಫ್ಯಾನು ಹಿಂದಿನ ತುದಿಯಲ್ಲಿ, ಗಾಳಿಯನ್ನು ಎಳೆಯುವಂತೆ. ಮುಂದೆ ಇಟ್ಟು ಊದಿದರೆ ಗಾಳಿ ಸುಳಿಯಾಗಿ ಬರುತ್ತದೆ, ಮಾದರಿ ನಡುಗುತ್ತದೆ, ತೂಕದ ಅಂಕಿ ನಿಲ್ಲುವುದಿಲ್ಲ. ಸೆಕೆಂಡಿಗೆ 10 ಮೀಟರ್ ವೇಗಕ್ಕೆ ಬೇಕಾದ ಗಾಳಿ ಸೆಕೆಂಡಿಗೆ 0.9 ಘನ ಮೀಟರ್, ಅಂದರೆ ಗಂಟೆಗೆ 3,240 ಘನ ಮೀಟರ್. ಜಾಲರಿ, ತಿರುವಿನ ತಡೆ ಲೆಕ್ಕ ಹಿಡಿದು 5,000ದ ಆಸುಪಾಸು ಎಳೆಯುವ 18 ಇಂಚಿನ ಹೆವಿ ಡ್ಯೂಟಿ ಎಕ್ಸಾಸ್ಟ್ ಫ್ಯಾನು ತನ್ನಿ. ಬಾಯಿಗೆ ಜೇನುಗೂಡಿನಂಥ ಜಾಲ ಬೇಕು: ವೈರಿಂಗ್‌ಗೆ ಹಾಕುವ 20 ಮಿಮೀ ಪಿವಿಸಿ ಪೈಪನ್ನು 15 ಸೆಂಮೀ ತುಂಡು ಮಾಡಿ ಜೋಡಿಸಿ. ಸುಮಾರು 1,400 ತುಂಡು, ಮೂರು ಮೀಟರಿನ 70 ಪೈಪು. ಎರಡೂ ತುದಿಗೆ ಬೆರಳು ತೂರದ ಜಾಲರಿ ಕಡ್ಡಾಯ.

ರೆಕ್ಕೆಯ ಮಾದರಿಯಲ್ಲಿ ಎಲ್ಲರೂ ಎಡವುವ ಒಂದು ವಿಷಯ ಇದೆ. ಪುಸ್ತಕದ ಚಿತ್ರದ ಹಾಗೆ ದಪ್ಪ ರೆಕ್ಕೆಯನ್ನು ಥರ್ಮೊಕೋಲ್‌ನಲ್ಲಿ ಕೆತ್ತುತ್ತಾರೆ. ಇಷ್ಟು ಸಣ್ಣ ಗಾತ್ರ, ಇಷ್ಟು ಕಡಿಮೆ ವೇಗದಲ್ಲಿ ದಪ್ಪ ರೆಕ್ಕೆ ಚೆನ್ನಾಗಿ ಕೆಲಸ ಮಾಡುವುದಿಲ್ಲ, ಗಾಳಿ ಅದರ ಮೈಯನ್ನು ಬೇಗ ಬಿಟ್ಟುಹೋಗುತ್ತದೆ. ಒಂದೂವರೆ ಮಿಮೀ ಅಲ್ಯೂಮಿನಿಯಂ ತಗಡು, 12 ಸೆಂಮೀ ಅಗಲ, 28 ಸೆಂಮೀ ಉದ್ದ, ನಡುವೆ 7 ಮಿಮೀ ಉಬ್ಬು ಬರುವಂತೆ ಬಾಗಿಸಿ. ಕಡ್ಡಿಯ ಮೂಲಕ ಕೆಳಗಿನ ಡಿಜಿಟಲ್ ತಕ್ಕಡಿಯ ಮೇಲೆ ನಿಲ್ಲಿಸಿ, ಒಟ್ಟು ತೂಕ 500 ಗ್ರಾಂ ಆಗುವಷ್ಟು ಬಟ್ಟು ಸೇರಿಸಿ. ಫ್ಯಾನು ಓಡಿದಾಗ ಐದಾರು ಡಿಗ್ರಿ ಕೋನದಲ್ಲಿ ಅಂಕಿ 350ರ ಕಡೆಗೆ ಇಳಿಯುತ್ತದೆ. ಕೋನ ಹೆಚ್ಚಿಸಿದಂತೆ ಇನ್ನಷ್ಟು ಇಳಿದು, ಒಂದು ಹಂತ ದಾಟಿದ ಮೇಲೆ ತಿರುಗಿ ಏರುತ್ತದೆ. ಅದೇ ಸ್ಟಾಲ್, ರೆಕ್ಕೆ ಎತ್ತುವ ಬಲ ಕಳೆದುಕೊಳ್ಳುವ ಹಂತ. ಪೈಲಟ್‌ಗಳು ಯಾಕೆ ಮೂಗು ಅತಿಯಾಗಿ ಎತ್ತುವುದಿಲ್ಲ ಅನ್ನುವುದಕ್ಕೆ ಬೇರೆ ಭಾಷಣ ಬೇಕಿಲ್ಲ. ಕರೆಂಟಿನ ವೋಲ್ಟೇಜ್ ಕುಣಿದರೆ ಅಂಕಿಯೂ ಕುಣಿಯುತ್ತದೆ, ಸ್ಟೆಬಿಲೈಸರ್ ಹಾಕಿ. ಗುಂಡಿ ಒತ್ತಿದರೆ 40 ಸೆಕೆಂಡ್ ಓಡಿ ತಾನೇ ನಿಲ್ಲುವ ಟೈಮರ್ ಇರಲಿ. ಪೈಪುಗಳ ಧೂಳನ್ನು ವಾರಕ್ಕೊಮ್ಮೆ ವ್ಯಾಕ್ಯೂಮ್‌ನಿಂದ ತೆಗೆಯಿರಿ.

ಪಕ್ಕದ ಫಲಕದಲ್ಲಿ ದಯವಿಟ್ಟು ಆ ಹಳೇ ತಪ್ಪು ವಿವರಣೆ ಬರೆಯಬೇಡಿ. "ಮೇಲಿನ ದಾರಿ ಉದ್ದ, ಆದ್ದರಿಂದ ಮೇಲಿನ ಗಾಳಿ ಕೆಳಗಿನದನ್ನು ಕೂಡಿಕೊಳ್ಳಲು ವೇಗವಾಗಿ ಓಡುತ್ತದೆ" ಅನ್ನುವುದು ಎಷ್ಟೋ ಪುಸ್ತಕಗಳಲ್ಲಿದೆ. ಹಾಗೆ ಕೂಡಿಕೊಳ್ಳಬೇಕೆಂಬ ನಿಯಮವೇನೂ ಇಲ್ಲ, ವಾಸ್ತವದಲ್ಲಿ ಮೇಲಿನ ಗಾಳಿ ಮೊದಲೇ ತಲುಪುತ್ತದೆ. ರೆಕ್ಕೆ ಗಾಳಿಯನ್ನು ಕೆಳಕ್ಕೆ ಬಾಗಿಸುತ್ತದೆ, ಗಾಳಿ ರೆಕ್ಕೆಯನ್ನು ಮೇಲಕ್ಕೆ ತಳ್ಳುತ್ತದೆ. ರೆಕ್ಕೆಯ ಹಿಂದೆ ನಾಲ್ಕು ದಾರದ ಎಳೆ ಕಟ್ಟಿದರೆ ಅವು ಕೆಳಮುಖ ಬಾಗುವುದು ಕಣ್ಣಿಗೇ ಕಾಣುತ್ತದೆ.

ಎರಡನೆಯದು, ಇದು ಬಳ್ಳಾರಿಯಲ್ಲೇ ಮಾಡಬೇಕಾದ ಪ್ರದರ್ಶನ: "ಇವತ್ತಿನ ಗಾಳಿ." ಬಳ್ಳಾರಿ ಸಮುದ್ರಮಟ್ಟದಿಂದ ಸುಮಾರು 485 ಮೀ ಎತ್ತರ. ಮೇ ಮಧ್ಯಾಹ್ನ 42 ಡಿಗ್ರಿ ಇದ್ದಾಗ ಇಲ್ಲಿಯ ಗಾಳಿ ಘನ ಮೀಟರಿಗೆ 1.06 ಕೆಜಿ. ಸಮುದ್ರಮಟ್ಟದ ಪ್ರಮಾಣ 1.225, ಅಂದರೆ ಸುಮಾರು 14 ಶೇಕಡಾ ತೆಳು. ವಿಮಾನದ ಲೆಕ್ಕದಲ್ಲಿ ಆಗ ಬಳ್ಳಾರಿ 1,500 ಮೀಟರ್ ಎತ್ತರದ ಬೆಟ್ಟದ ಮೇಲಿದೆ. ದೀಪಕ್‌ನಂಥ ವಿಮಾನಕ್ಕೆ ನೆಲ ಬಿಡಲು ಓಡಬೇಕಾದ ದೂರ ಸುಮಾರು ಮೂರನೇ ಒಂದು ಭಾಗ ಹೆಚ್ಚುತ್ತದೆ. ಡಿಸೆಂಬರ್ ಬೆಳಗ್ಗೆ 15 ಡಿಗ್ರಿಗೆ ಸಾಂದ್ರತೆ 1.16ರ ಹತ್ತಿರ ಬರುತ್ತದೆ. ಉಷ್ಣತೆ, ಒತ್ತಡ, ತೇವ ಅಳೆಯುವ ಒಂದು ಬಿಎಂಇ280 ಸೆನ್ಸರ್, ಒಂದು ಚಿಕ್ಕ ಪರದೆ, ನೆಲದ ಮೇಲೆ ರನ್‌ವೇ ಚಿತ್ರ, ಅದರ ಗುಂಟ ಎಲ್‌ಇಡಿ ಪಟ್ಟಿ. ಇವತ್ತು ವಿಮಾನ ಎಲ್ಲಿ ನೆಲ ಬಿಡುತ್ತದೋ ಅಲ್ಲಿಯವರೆಗೆ ಬೆಳಕು. ಚಳಿಗಾಲದಲ್ಲಿ ಬಂದ ಮಗು ಬೇಸಿಗೆಯಲ್ಲಿ ಬಂದರೆ ಬೆಳಕು ಬೇರೆ ಕಡೆ ನಿಂತಿರುತ್ತದೆ. ಸೆನ್ಸರ್ ಹೊರಗೆ ನೆರಳಲ್ಲಿರಲಿ, ಕಾದ ಗೋಡೆಯಿಂದ ದೂರ. ಒತ್ತಡವನ್ನು ಮೊಬೈಲ್ ಹವಾಮಾನ ಆಪ್‌ನಿಂದ ತೆಗೆಯಬೇಡಿ. ಅದು ಸಮುದ್ರಮಟ್ಟಕ್ಕೆ ಹೊಂದಿಸಿದ ಅಂಕಿ, ಲೆಕ್ಕ ಐದಾರು ಶೇಕಡಾ ತಪ್ಪುತ್ತದೆ.

---

ಕಿನ್ನಾಳಬಣ್ಣ

ಕೊಪ್ಪಳ ಕಡೆಯಿಂದ ಒಂದು ಮಾತು ಸೇರಸ್ತೀನ್ರಿ. ಕಣ್ಣು ಕಾಣದವರಿಗೂ ಇದು ಮ್ಯೂಸಿಯಂ ಆಗ್ಬೇಕಲ್ರಿ. ಪುಸ್ ಮಾತ್ ಸೇರಿ ನಾಲ್ಕೂ ವಿಮಾನದ ಮುಟ್ಟಿ ನೋಡೋ ಮಾದರಿ, 20ಕ್ಕೆ ಒಂದರ ಅಳತಿ, ಮರದ ಗೊಂಬಿ ಮಾಡೋ ಕಿನ್ನಾಳದ ಕಲಾವಿದರ ಕಡೆ ಮಾಡಸ್ರಿ. ನ್ಯಾಟ್ 44 ಸೆಂಮೀ ಆಗ್ತದ, ಎರಡೂ ಕೈಯಾಗ ಹಿಡೀಬಹುದು. ನಾಲ್ಕೂ ಒಂದ ಅಳತಿಯಾಗ ಇರಬೇಕ್ರಿ, ಇಲ್ಲಾಂದ್ರ ಯಾವುದು ದೊಡ್ಡದು ಅನ್ನೋದು ಕೈಗೆ ತಿಳಿಯಂಗಿಲ್ಲ. ಹಗುರ ಮರ, ಹುಣಸೆ ಬೀಜದ ಅಂಟು ಅವರ ಪದ್ಧತಿ. ಆದರ ದಿನಾ ನೂರಾರು ಕೈಯ ಬೆವರು ತಾಗಿದ್ರ ಬಣ್ಣ ಏಳ್ತದ, ಮ್ಯಾಲೆ ಪಿಯು ವಾರ್ನಿಷ್ ಎರಡು ಕೋಟ್ ಕೊಡಸ್ರಿ. ರೆಕ್ಕಿ ತುದಿ, ಬಾಲ ಮುರಿಯೋ ಜಾಗ, ಒಳಗ 4 ಮಿಮೀ ಉಕ್ಕಿನ ಕಡ್ಡಿ ಹಾಕಬೇಕು. ಪಕ್ಕಕ್ಕ ಕನ್ನಡ ಬ್ರೈಲ್ ಪಟ್ಟಿ. ವ್ಹೀಲ್‌ಚೇರ್‌ಗೆ ಇಳಿಜಾರು 12ಕ್ಕೆ 1, ಅದಕ್ಕಿಂತ ಕಡಿದು ಬ್ಯಾಡ. ಹೊರಗಿನ ಹಿಡಿಕಿ ಸ್ಟೀಲಿಂದು ಹಾಕಿದ್ರ ಬ್ಯಾಸಿಗ್ಯಾಗ ಯಾರೂ ಮುಟ್ಟಾಕಾಗಂಗಿಲ್ಲ, ಮರದ್ದು ಹಾಕ್ರಿ. ಮಾರ್ಚ್‌ನಿಂದ ಮೇ ತನಕ ಮುಂಜಾನೆ 7ರಿಂದ 11, ಸಂಜಿ 4ರಿಂದ 8 ತೆರೀರಿ. ಸಣ್ಣ ಮಾದರಿ ಮಾರಾಟಕ್ಕೂ ಇಟ್ರ ಕಲಾವಿದರಿಗೂ ನಾಲ್ಕು ಕಾಸು ಸಿಗ್ತದ.

---

ರಿವೆಟ್‌ಸಾಲು

ಎಜೆಕ್ಷನ್ ಸೀಟಿನ ಪ್ರಶ್ನೆಗೆ. ದೀಪಕ್‌ನಲ್ಲಿ ಆ ಸೀಟೇ ಇಲ್ಲ. ಕಿರಣ್ ಮತ್ತು ನ್ಯಾಟ್‌ನಲ್ಲಿ ಇದೆ. ಸೀಟಿನ ಸ್ಫೋಟಕ ಕಾರ್ಟ್ರಿಜ್‌ಗಳನ್ನೂ ಕಾಕ್‌ಪಿಟ್ ಮುಚ್ಚಳ ಹಾರಿಸುವ ವ್ಯವಸ್ಥೆಯಲ್ಲಿ ಇರುವುದನ್ನೂ ತೆಗೆಯಲಾಗಿದೆ ಅಂತ ಕೊಡುವವರಿಂದ ಲಿಖಿತ ಪತ್ರ, ವಿಮಾನದ ಸಂಖ್ಯೆ ಸಹಿತ, ಸಾಗಿಸುವ ಮೊದಲೇ ಪಡೆಯಿರಿ. ಹಳೇ ಕಾರ್ಟ್ರಿಜ್ ಅಂದರೆ ಸತ್ತ ಕಾರ್ಟ್ರಿಜ್ ಅಲ್ಲ. ಪತ್ರ ಕೈಗೆ ಬರುವವರೆಗೆ ಯಾರೂ ಸೀಟಿನಲ್ಲಿ ಕೂರಬಾರದು, ಪಿನ್ ಮುಟ್ಟಬಾರದು, ವೆಲ್ಡಿಂಗ್ ಹತ್ತಿರ ಸುಳಿಯಬಾರದು.

ಇನ್ನೊಂದನ್ನು ಬಹಳ ಜನ ಮರೆಯುತ್ತಾರೆ. ಹಳೇ ಉಪಕರಣಗಳ ಮುಳ್ಳು, ಅಂಕಿಗಳಿಗೆ ರೇಡಿಯಂ ಬಣ್ಣ ಹಚ್ಚಿರಬಹುದು. ಕತ್ತಲಲ್ಲಿ ಹೊಳೆಯುತ್ತಿಲ್ಲ ಅಂದರೆ ಸತ್ತಿದೆ ಎಂದಲ್ಲ. ಸವೆದದ್ದು ಹೊಳೆಯುವ ಪುಡಿ, ರೇಡಿಯಂ ಅರ್ಧಕ್ಕೆ ಇಳಿಯಲು 1,600 ವರ್ಷ ಬೇಕು. ಗೈಗರ್ ಕೌಂಟರ್ ಹಿಡಿದು ಕಾಕ್‌ಪಿಟ್ ಪರೀಕ್ಷೆ ಮಾಡಿಸಿ. ರೀಡಿಂಗ್ ಬಂದರೆ ಆ ಡಯಲ್‌ನ ಗಾಜು ಬಿಚ್ಚಬೇಡಿ, ಒರೆಸಬೇಡಿ. ಅಣುಶಕ್ತಿ ನಿಯಂತ್ರಣ ಮಂಡಳಿಯ ನಿಯಮದಂತೆ ತೆಗೆಸಿ, ಆ ಜಾಗಕ್ಕೆ ಮುದ್ರಿಸಿದ ಪ್ರತಿ ಇಡಿ.

ಇದಕ್ಕೇ ಹೇಳುವುದು, ಜನರನ್ನು ನಿಜವಾದ ಕಾಕ್‌ಪಿಟ್‌ಗೆ ಹತ್ತಿಸಬೇಡಿ. ನ್ಯಾಟ್ ಪಕ್ಕ ಮೆಟ್ಟಿಲು ಹಾಕಿ ಮೇಲಿನಿಂದ ನೋಡಲು ಬಿಡಿ, ಕೂರಲು ನೆಲಮಟ್ಟದಲ್ಲಿ ಉಕ್ಕಿನ ಚೌಕಟ್ಟಿನ ಪ್ರತಿ ಕಾಕ್‌ಪಿಟ್ ಮಾಡಿಸಿ. ಸ್ಟಿಕ್‌ಗೆ 25 ಮಿಮೀ ಉಕ್ಕಿನ ಪೈಪು, ಬುಡಕ್ಕೆ ಬೇರಿಂಗ್, ಅದರಿಂದ ಕೇಬಲ್ ಎಳೆದು ಎದುರಿನ ಗೋಡೆಯ ಮೇಲೆ ನಿಜವಾಗಿ ಅಲ್ಲಾಡುವ ಏಲ್ರಾನ್ (ರೆಕ್ಕೆಯ ಹಿಂದಂಚಿನ ತುಂಡು), ಎಲಿವೇಟರ್ (ಬಾಲದ ತುಂಡು). ಕೈ ಎಡಕ್ಕೆ ಹೋದರೆ ಯಾವ ರೆಕ್ಕೆಯ ತುಂಡು ಮೇಲೇಳುತ್ತದೆ ಅನ್ನುವುದು ಕಾಣಬೇಕು. ಕೇಬಲ್ ಎರಡು ಮೂರು ತಿಂಗಳಿಗೆ ಸಡಿಲವಾಗುತ್ತದೆ, ಬಿಗಿ ಮಾಡುವ ಟರ್ನ್‌ಬಕಲ್ ಹೊರಗಿನಿಂದ ಕೈಗೆ ಸಿಗುವಂತಿರಲಿ.

ಸಾಗಾಟಕ್ಕೆ ಟೆಂಡರ್ ಬರೆಯುವಾಗ, ರೆಕ್ಕೆ ಬಿಚ್ಚಿ ಜೋಡಿಸುವುದು ವಿಮಾನದ ಕೆಲಸ ಬಲ್ಲವರಿಂದಲೇ ಅಂತ ಸೇರಿಸಿ. ಗ್ಯಾಸ್ ಕಟರ್ ಬಳಸುವಂತಿಲ್ಲ ಅಂತ ಸ್ಪಷ್ಟವಾಗಿ ಬರೆಯಿರಿ, ಒಮ್ಮೆ ಕತ್ತರಿಸಿದ ಸ್ಪಾರ್ (ರೆಕ್ಕೆಯ ಮುಖ್ಯ ತೊಲೆ) ಮತ್ತೆ ಭಾರ ಹೊರುವುದಿಲ್ಲ. ಲಾರಿಯ ಅಗಲದ ಮಿತಿ 2.6 ಮೀ, ಅದಕ್ಕೆ ಮೀರಿದರೆ ವಿಶೇಷ ಪರವಾನಗಿ. ಹೊರಡುವ ಮುಂಚೆ ದಾರಿಯ ಪ್ರತಿ ಅಂಡರ್‌ಪಾಸ್, ಪ್ರತಿ ವಿದ್ಯುತ್ ತಂತಿಯ ಎತ್ತರ ಅಳೆದು ಪಟ್ಟಿ ಮಾಡಿಸಿ. ಶೆಡ್‌ನ ನೆಲ, ಸ್ಟ್ಯಾಂಡ್ ಎರಡೂ ತಯಾರಾದ ಮೇಲೆಯೇ ವಿಮಾನ ತರಿಸಿ, ಬಯಲಲ್ಲಿ ಟಾರ್ಪಾಲಿನ್ ಹೊದಿಸಿ ಒಂದು ಮಳೆಗಾಲ ಕಳೆದರೂ ಟಾರ್ಪಾಲಿನ್ ಅಡಿ ಕೂತ ತೇವ ಬಣ್ಣದ ಕೆಳಗೆ ಇಳಿದಿರುತ್ತದೆ.

---

ಕೋಟೆಗುಡ್ಡ

ಬಹಳ ಉಪಕಾರವಾಯಿತು. ಮಣ್ಣಿನ ಪರೀಕ್ಷೆಗೆ ಮೂರು ಕಡೆ ಬೋರ್ ಹಾಕಿಸುವುದು, ಅಂಚೆ ಇಲಾಖೆಗೆ ಪತ್ರ ಬರೆಯುವುದು, ಇವೆರಡರಿಂದ ಶುರು. ವಿಮಾನದ ಅರ್ಜಿ ಶೆಡ್‌ನ ನಕ್ಷೆಯ ಜೊತೆಗೇ ಹೋಗಲಿ. ಟಪಾಲುಚೀಲ ಅವರೇ, ಪ್ರತಿಕೃತಿಯ ಪಕ್ಕೆಗಳ ನಕ್ಷೆ ಸಿದ್ಧವಾದಾಗ ಇಲ್ಲೇ ಹಾಕುತ್ತೇನೆ, ಒಮ್ಮೆ ಕಣ್ಣಾಡಿಸಿಕೊಡಿ.